ಚದುರಂಗದ ಆರಂಭದ ಬಲೆಗಳು: ಫಲವೆಷ್ಟು, ಭ್ರಮೆಯೆಷ್ಟು?

ಚದುರಂಗವು ಕನ್ನಡ ನಾಡಿಗೆ ಹೊಸದಾಗಿ ಬಂದ ಕ್ರೀಡೆಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ, ಅರಸನ ವಿನೋದಗಳನ್ನು ವಿವರಿಸುವ ಭಾಗದಲ್ಲಿ ಚದುರಂಗಕ್ಕೂ ಸ್ಥಾನ ದೊರೆತಿದೆ. ಅದೇ ಕಲ್ಯಾಣವು ಕೆಲವು ದಶಕಗಳ ಅನಂತರ ಶರಣರ ಕರ್ಮಭೂಮಿಯಾಯಿತು. ದಕ್ಷಿಣದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) 1831ರಲ್ಲಿ ಆಡಳಿತವು ಬ್ರಿಟಿಷರ ವಶವಾದ ಮೇಲೆ ತಮ್ಮ ವಿರಾಮದ ಬಹುಭಾಗವನ್ನು ವಿದ್ಯೆ, ಕಲೆ ಮತ್ತು ಇಂತಹ ಬುದ್ಧಿಯ ಆಟಗಳಿಗೆ ಮೀಸಲಿಟ್ಟರು. ಹಾಸಿನ ಅರವತ್ತನಾಲ್ಕು ಮನೆಗಳನ್ನೂ ಕುದುರೆಯು ಒಂದೊಂದು ಸಲ ಮಾತ್ರ ಮುಟ್ಟುವಂತೆ ನಡೆಸುವ ಸಮಸ್ಯೆಗೆ ಅವರು ಹಲವು ಬಗೆಯ ಪರಿಹಾರಗಳನ್ನು ರಚಿಸಿದರು. ಹೀಗೆ ಈ ಆಟಕ್ಕೆ ನಮ್ಮ ನಾಡಿನಲ್ಲಿ ಎಂಟು ಶತಮಾನಗಳಿಗೂ ಮಿಕ್ಕ ಚರಿತ್ರೆಯಿದೆ.

ಇಂತಹ ಆಟವು ಇಂದು ಶಾಲೆಗಳ ಕ್ರೀಡಾ ಚಟುವಟಿಕೆಗಳಲ್ಲಿ ಸೇರಿರುವುದು ಸಂತೋಷದ ಸಂಗತಿ. ಆಳಂದ ತಾಲ್ಲೂಕಿನ ಹಿರೋಳ್ಳಿಯಂತಹ ಗಡಿಗ್ರಾಮದ ಶಾಲೆಗೂ ಇದು ಭಾರವಾಗದು. ಇದಕ್ಕೆ ವಿಶಾಲವಾದ ಬಯಲು ಬೇಡ, ಬೆಲೆಬಾಳುವ ಉಪಕರಣ ಬೇಡ. ಒಂದು ಹಾಸು, ಮೂವತ್ತೆರಡು ಕಾಯಿ, ಇಬ್ಬರು ಆಟಗಾರರು ಇದ್ದರಾಯಿತು. ಆದರೆ ಕಲಿಕೆಯ ಮೊದಲ ದಿನಗಳಲ್ಲಿಯೇ ಮಗುವಿನ ಎದುರು ಒಂದು ಆಕರ್ಷಣೆ ಬಂದು ನಿಲ್ಲುತ್ತದೆ. ನಾಲ್ಕು ನಡೆಗಳಲ್ಲಿ, ಏಳು ನಡೆಗಳಲ್ಲಿ ಎದುರಾಳಿಯನ್ನು ಸೋಲಿಸುವ ‘ಬಲೆ’ಗಳೇ ಆ ಆಕರ್ಷಣೆ. ಇವುಗಳನ್ನು ಕಂಠಪಾಠ ಮಾಡಿದ ಬಾಲಕನು ಮೊದಲ ಒಂದೆರಡು ಸ್ಪರ್ಧೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತಾನೆ. ಅನಂತರ ಅವನ ಬೆಳವಣಿಗೆ ಒಮ್ಮೆಲೇ ನಿಂತುಬಿಡುವುದುಂಟು. ಆದ್ದರಿಂದ ಈ ಬಲೆಗಳು ನಿಜವಾಗಿಯೂ ಫಲಿಸುತ್ತವೆಯೇ, ಫಲಿಸಿದರೆ ಯಾವಾಗ, ಫಲಿಸದಿದ್ದರೆ ಏನು ನಷ್ಟ ಎಂಬುದನ್ನು ವಿಚಾರಿಸುವುದು ಅಧ್ಯಾಪಕರಿಗೂ ಪಾಲಕರಿಗೂ ಅಗತ್ಯವಾಗಿದೆ.

ಬಲೆ ಎಂದರೇನು?

ವಿವೇಚನೆಗೆ ಮುನ್ನ ಪರಿಭಾಷೆಯನ್ನು ತಿಳಿಯುವುದು ಒಳಿತು. ಈ ಲೇಖನದಲ್ಲಿ ಕಾಯಿಗಳನ್ನು ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು ಎಂದು ಕರೆಯಲಾಗಿದೆ. ಮೂಲೆಯಲ್ಲಿ ನಿಂತು ನೇರವಾಗಿ ನಡೆಯುವುದು ಆನೆ. ಓರೆಯಾಗಿ ನಡೆಯುವುದು ಒಂಟೆ. ರಾಜನಿಗೆ ಒಡ್ಡುವ ಬೆದರಿಕೆಯು ‘ಶಹ’. ರಾಜನು ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬೀಳುವುದು ‘ಮಾತ್’. ಹಾಸಿನ ಕಂಬಸಾಲುಗಳಿಗೆ ಬಿಳಿಯ ಆಟಗಾರನ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂಬ ಹೆಸರುಗಳಿವೆ. ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಅಂಕೆಗಳಿವೆ. ಹೀಗಾಗಿ ‘ಇ4’ ಎಂದರೆ ಇ ಸಾಲಿನ ನಾಲ್ಕನೆಯ ಮನೆ.

ಎದುರಾಳಿಯು ಸಹಜವೆಂದು ತೋರುವ, ಆದರೆ ನಿಜಕ್ಕೂ ಹಾನಿಕರವಾದ ನಡೆಯನ್ನು ಇಡುವಂತೆ ಆಮಿಷವೊಡ್ಡುವುದೇ ಬಲೆ. ಒಂದು ಕಾಲಾಳನ್ನೋ ಕುದುರೆಯನ್ನೋ ಕೆಲವೊಮ್ಮೆ ಮಂತ್ರಿಯನ್ನೇ ಬಿಟ್ಟುಕೊಟ್ಟಂತೆ ಮಾಡಿ, ಅದನ್ನು ಹೊಡೆಯಲು ಬಂದವನನ್ನು ಹಿಡಿಯುವುದು ಇದರ ಕ್ರಮ.

ಪ್ರಾಚೀನ ಚದುರಂಗದಲ್ಲಿ ಇಂತಹ ಕ್ಷಿಪ್ರ ಬಲೆಗಳಿಗೆ ಹೆಚ್ಚಿನ ಆಸ್ಪದವಿರಲಿಲ್ಲ. ಆಗ ಮಂತ್ರಿಯು ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದನು. ಇಂದು ಒಂಟೆಯೆಂದು ಕರೆಯುವ ಕಾಯಿಯ ಓಟವೂ ಕಿರಿದಾಗಿತ್ತು. ಎರಡೂ ಪಡೆಗಳು ನಿಧಾನವಾಗಿ ವ್ಯೂಹ ಕಟ್ಟಿ ಅನಂತರ ಎದುರುಬದುರಾಗುತ್ತಿದ್ದವು. 15ನೆಯ ಶತಮಾನದ ಕೊನೆಯ ವೇಳೆಗೆ ಯೂರೋಪಿನಲ್ಲಿ ಮಂತ್ರಿಗೂ ಒಂಟೆಗೂ ಹಾಸಿನ ಉದ್ದಕ್ಕೂ ಓಡುವ ಶಕ್ತಿ ದೊರೆಯಿತು. ಅಂದಿನಿಂದ ಎರಡನೆಯ, ಮೂರನೆಯ ನಡೆಯಲ್ಲಿಯೇ ರಾಜನಿಗೆ ಅಪಾಯ ಬರತೊಡಗಿತು. 17ನೆಯ ಶತಮಾನದ ಆರಂಭದಲ್ಲಿ ಇಟಲಿಯ ಗ್ರೆಕೋ ಎಂಬಾತನು ಇಂತಹ ಚುರುಕಾದ ಗೆಲುವುಗಳನ್ನು ಹಸ್ತಪ್ರತಿಗಳಲ್ಲಿ ಬರೆದಿಟ್ಟು ಆಸಕ್ತರಿಗೆ ಒದಗಿಸಿದನು. ಬಲೆಗಳನ್ನು ಬಾಯಿಪಾಠ ಮಾಡುವ ಪರಿಪಾಠವೂ ಅಷ್ಟೇ ಹಳೆಯದು.

ನಾಲ್ಕು ನಡೆಯ ಮಾತ್

ಎಲ್ಲರಿಗೂ ಪರಿಚಿತವಾದ ಬಲೆಯೆಂದರೆ ನಾಲ್ಕು ನಡೆಯ ಮಾತ್. ಬಿಳಿಯು ಕಾಲಾಳನ್ನು ಇ4ಕ್ಕೆ, ಕಪ್ಪು ತನ್ನ ಕಾಲಾಳನ್ನು ಇ5ಕ್ಕೆ ಇಡುತ್ತವೆ. ಬಿಳಿಯ ಒಂಟೆ ಸಿ4ಕ್ಕೆ ಬರುತ್ತದೆ. ಕಪ್ಪು ಕುದುರೆ ಸಿ6ಕ್ಕೆ ಬರುತ್ತದೆ. ಈಗ ಬಿಳಿಯ ಮಂತ್ರಿ ಎಚ್5ಕ್ಕೆ ಹಾರುತ್ತಾನೆ. ಕಪ್ಪು ಆಟಗಾರನು ಮಂತ್ರಿಯನ್ನು ಓಡಿಸುವ ಆಸೆಯಿಂದ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದರೆ, ಮಂತ್ರಿಯು ಎಫ್7ರ ಕಾಲಾಳನ್ನು ಹೊಡೆದು ಮಾತ್ ಮಾಡುತ್ತಾನೆ. ಆರಂಭದಲ್ಲಿ ಎಫ್7ರ ಕಾಲಾಳಿಗೆ ರಾಜನೊಬ್ಬನೇ ಕಾವಲು. ಆ ದೌರ್ಬಲ್ಯವೇ ಈ ಬಲೆಯ ಮೂಲ.

ಆದರೆ ಮೂರನೆಯ ನಡೆಯಲ್ಲಿ ಕಪ್ಪು ಆಟಗಾರನು ಕಾಲಾಳನ್ನು ಜಿ6ಕ್ಕೆ ಇಟ್ಟನೆಂದರೆ? ಮಂತ್ರಿಯು ಹಿಂದೆ ಸರಿಯಲೇಬೇಕು. ಎಫ್3ಕ್ಕೆ ಬಂದು ಮತ್ತೆ ಎಫ್7ನ್ನು ಬೆದರಿಸಿದರೆ, ಈಗ ಕುದುರೆಯು ಎಫ್6ಕ್ಕೆ ಬಂದು ದಾರಿಯನ್ನು ಮುಚ್ಚುತ್ತದೆ. ಲೆಕ್ಕ ನೋಡಿದರೆ ಕಪ್ಪಿನ ಎರಡು ಕುದುರೆಗಳೂ ರಣರಂಗಕ್ಕೆ ಇಳಿದಿವೆ. ಬಿಳಿಯ ಕಡೆಯಲ್ಲಿ ಮಂತ್ರಿಯು ಎರಡು ನಡೆಗಳನ್ನು ವ್ಯಯಿಸಿ, ತನ್ನದೇ ಕುದುರೆ ಬರಬೇಕಾದ ಎಫ್3ರ ಮನೆಯನ್ನು ಆಕ್ರಮಿಸಿ ಕುಳಿತಿದ್ದಾನೆ. ಬಲೆ ಹಾಕಿದವನು ಸೋತಿಲ್ಲ; ಆದರೆ ಬಿಳಿ ಕಾಯಿಗೆ ಸಹಜವಾಗಿ ಇರುವ ಮೊದಲ ನಡೆಯ ಅನುಕೂಲವನ್ನು ಕೈಯಾರೆ ಕಳೆದುಕೊಂಡಿದ್ದಾನೆ.

ಇಲ್ಲಿಯೇ ಅಧ್ಯಾಪಕರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ‘ಮಂತ್ರಿ ಬಂದರೆ ಜಿ6’ ಎಂದು ಉತ್ತರವನ್ನೂ ಕಂಠಪಾಠ ಮಾಡಿಸಿದರೆ ಅದೂ ಅಪಾಯವೇ. ಬಿಳಿಯ ಮಂತ್ರಿಯು ಎರಡನೆಯ ನಡೆಯಲ್ಲಿಯೇ ಎಚ್5ಕ್ಕೆ ಬಂದಾಗ, ಸಿ6ರಲ್ಲಿ ಕುದುರೆಯಿಲ್ಲದಿರುವಾಗಲೇ ಕಾಲಾಳನ್ನು ಜಿ6ಕ್ಕೆ ಇಟ್ಟರೆ, ಮಂತ್ರಿಯು ಇ5ರ ಕಾಲಾಳನ್ನು ಹೊಡೆದು ರಾಜನಿಗೆ ಶಹ ಕೊಟ್ಟು, ಅದೇ ಏಟಿಗೆ ಮೂಲೆಯ ಆನೆಯನ್ನೂ ಕಬಳಿಸುತ್ತಾನೆ. ಮೊದಲು ಇ5ಕ್ಕೆ ಕುದುರೆಯ ಕಾವಲು, ಬಳಿಕ ಜಿ6 ಎಂಬ ಕ್ರಮದ ಹಿಂದಿನ ಕಾರಣವನ್ನು ತಿಳಿದ ಮಗು ಎಂದೂ ಮೋಸಹೋಗದು. ಉತ್ತರವನ್ನು ಮಾತ್ರ ತಿಳಿದ ಮಗು ಮೋಸಹೋಗುವ ಸಂಭವವಿದೆ.

ಒಂದು ಷಿಲ್ಲಿಂಗಿನ ಬಲೆ

ಎರಡನೆಯ ಉದಾಹರಣೆಗೆ ಇಂಗ್ಲೆಂಡಿನ ಪ್ರಸಿದ್ಧ ಆಟಗಾರ ಜೋಸೆಫ್ ಹೆನ್ರಿ ಬ್ಲ್ಯಾಕ್‌ಬರ್ನನ (1841-1924) ಹೆಸರು ಅಂಟಿಕೊಂಡಿದೆ. ಕಾಫಿ ಮಂದಿರಗಳಲ್ಲಿ ಒಂದು ಷಿಲ್ಲಿಂಗಿನ ಪಣಕ್ಕೆ ಅನನುಭವಿಗಳೊಡನೆ ಆಡುವಾಗ ಆತನು ಇದನ್ನು ಬಳಸುತ್ತಿದ್ದನೆಂಬುದು ಪ್ರತೀತಿ. ಎರಡೂ ಕಡೆ ಇ ಸಾಲಿನ ಕಾಲಾಳು ಎರಡು ಮನೆ ಮುಂದೆ ಬಂದು, ಬಿಳಿಯ ಕುದುರೆ ಎಫ್3ಕ್ಕೆ, ಕಪ್ಪಿನ ಕುದುರೆ ಸಿ6ಕ್ಕೆ, ಬಿಳಿಯ ಒಂಟೆ ಸಿ4ಕ್ಕೆ ಬಂದ ಮೇಲೆ, ಕಪ್ಪು ಆಟಗಾರನು ಅದೇ ಕುದುರೆಯನ್ನು ಮತ್ತೆ ಎತ್ತಿ ಡಿ4ಕ್ಕೆ ಇಡುತ್ತಾನೆ. ಇ5ರ ಕಾಲಾಳು ಕಾವಲಿಲ್ಲದೆ ಉಳಿಯುತ್ತದೆ. ಬಿಳಿಯ ಕುದುರೆ ಅದನ್ನು ಹೊಡೆದೊಡನೆ ಕಪ್ಪು ಮಂತ್ರಿ ಜಿ5ಕ್ಕೆ ಬರುತ್ತಾನೆ. ಬಿಳಿಯ ಕುದುರೆಯು ಎಫ್7ನ್ನು ಹೊಡೆದು ಮಂತ್ರಿ, ಆನೆ ಎರಡನ್ನೂ ಏಕಕಾಲದಲ್ಲಿ ಬೆದರಿಸಿ ಹಿಗ್ಗುತ್ತದೆ. ಆದರೆ ಕಪ್ಪು ಮಂತ್ರಿಯು ಜಿ2ನ್ನು ಹೊಡೆದು, ಬಿಳಿಯ ಆನೆ ಎಫ್1ಕ್ಕೆ ಸರಿದಾಗ ಇ4ನ್ನು ಹೊಡೆದು ಶಹ ಕೊಡುತ್ತಾನೆ. ಒಂಟೆ ಇ2ಕ್ಕೆ ಅಡ್ಡ ಬರುತ್ತದೆ. ಕಪ್ಪು ಕುದುರೆ ಎಫ್3ಕ್ಕೆ ಹಾರಿ ಏಳನೆಯ ನಡೆಯಲ್ಲಿ ಮಾತ್ ಮಾಡುತ್ತದೆ. ಬಿಳಿಯ ರಾಜನು ತನ್ನವರ ನಡುವೆಯೇ ಉಸಿರುಕಟ್ಟಿ ಸಾಯುತ್ತಾನೆ.

ನೋಡಲು ಇದು ಸೊಗಸಾದ ಬಲೆ. ಆದರೆ ಬಿಳಿಯು ಆಸೆಗೆ ಒಳಗಾಗದೆ ನಾಲ್ಕನೆಯ ನಡೆಯಲ್ಲಿ ತನ್ನ ಕುದುರೆಯಿಂದ ಡಿ4ರ ಕುದುರೆಯನ್ನೇ ಹೊಡೆದರೆ ಸಾಕು. ಕಪ್ಪು ಕಾಲಾಳು ಆ ಕುದುರೆಯನ್ನು ಹೊಡೆಯುತ್ತದೆ. ಬಿಳಿಯು ಕೋಟೆ ಕಟ್ಟಿಕೊಳ್ಳುತ್ತದೆ. ಆಗ ಬಿಳಿಯ ಒಂಟೆ ಹೊರಬಂದಿದೆ, ರಾಜ ಸುರಕ್ಷಿತ, ಆನೆ ಸಿದ್ಧ. ಕಪ್ಪಿನ ಕಡೆ ಒಂದು ಕಾಯಿಯೂ ಹೊರಬಂದಿಲ್ಲ. ಮೂರು ನಡೆಗಳಲ್ಲಿ ಎರಡನ್ನು ಒಂದೇ ಕುದುರೆಗೆ ಖರ್ಚುಮಾಡಿ, ಆ ಕುದುರೆಯೂ ಹಾಸಿನಿಂದ ಹೊರಹೋಗಿದೆ. ತಾನು ತೋಡಿದ ಗುಂಡಿಯಲ್ಲಿ ತಾನೇ ಬೀಳುವುದೆಂದರೆ ಇದೇ.

ಒಂದು ಮನೆಯ ಅಂತರ

ಫ್ರಾನ್ಸಿನ ಲೆಗಾಲ್ (1702-1792) ಎಂಬ ಆಟಗಾರನ ಹೆಸರಿನ ಬಲೆಯು ಇನ್ನೂ ಆಳವಾದ ಪಾಠವನ್ನು ಕಲಿಸುತ್ತದೆ. ಕಪ್ಪು ಒಂಟೆಯು ಜಿ4ರಲ್ಲಿ ನಿಂತು ಎಫ್3ರ ಬಿಳಿ ಕುದುರೆಯನ್ನು ಅದರ ಹಿಂದಿನ ಮಂತ್ರಿಗೆ ಕಟ್ಟಿಹಾಕಿದಂತೆ ತೋರುತ್ತದೆ. ಬಿಳಿಯು ಒಂಟೆಯನ್ನು ಸಿ4ರಲ್ಲಿ, ಇನ್ನೊಂದು ಕುದುರೆಯನ್ನು ಸಿ3ರಲ್ಲಿ ಇಟ್ಟುಕೊಂಡಿದೆ. ಕಪ್ಪು ಆಟಗಾರನು ಜಿ6ಕ್ಕೆ ಕಾಲಾಳು ಇಡುವಂತಹ ನಿರುಪಯುಕ್ತ ನಡೆ ಇಟ್ಟನೆಂದರೆ, ಬಿಳಿಯ ಕುದುರೆ ಮಂತ್ರಿಯ ಹಂಗು ತೊರೆದು ಇ5ರ ಕಾಲಾಳನ್ನು ಹೊಡೆಯುತ್ತದೆ. ಕಪ್ಪು ಒಂಟೆಯು ಮಂತ್ರಿಯನ್ನು ಹೊಡೆದರೆ, ಬಿಳಿಯ ಒಂಟೆ ಎಫ್7ನ್ನು ಹೊಡೆದು ಶಹ ಕೊಟ್ಟು, ರಾಜನು ಇ7ಕ್ಕೆ ಬಂದಾಗ ಸಿ3ರ ಕುದುರೆ ಡಿ5ಕ್ಕೆ ಬಂದು ಮಾತ್. ಕಪ್ಪು ಆಟಗಾರನು ಎಚ್ಚೆತ್ತು ಮಂತ್ರಿಯನ್ನು ಬಿಟ್ಟು ಡಿ ಸಾಲಿನ ಕಾಲಾಳಿನಿಂದ ಕುದುರೆಯನ್ನೇ ಹೊಡೆದರೂ ಬಿಳಿಗೆ ಚಿಂತೆಯಿಲ್ಲ. ಮಂತ್ರಿಯು ಜಿ4ರ ಒಂಟೆಯನ್ನು ಹೊಡೆಯುತ್ತಾನೆ, ಬಿಳಿಗೆ ಒಂದು ಕಾಲಾಳು ಲಾಭವಾಗಿ ಉಳಿಯುತ್ತದೆ. ಎದುರಾಳಿ ಬಿದ್ದರೂ ಗೆಲುವು, ಬೀಳದಿದ್ದರೂ ಲಾಭ.

ಈಗ ಒಂದೇ ಒಂದು ಬದಲಾವಣೆ ಮಾಡಿ ನೋಡಬೇಕು. ಕಪ್ಪು ಕಾಲಾಳು ಜಿ6ಕ್ಕೆ ಬಾರದೆ, ಕುದುರೆ ಸಿ6ರಲ್ಲಿ ನಿಂತಿದೆ ಎಂದು ಭಾವಿಸೋಣ. ಆಗಲೂ ಕಪ್ಪು ಒಂಟೆ ಮಂತ್ರಿಯನ್ನು ಹೊಡೆದರೆ ಅದೇ ಮಾತ್ ಆಗುತ್ತದೆ. ಆದರೆ ಕಪ್ಪು ಕುದುರೆಯು ಇ5ರ ಬಿಳಿ ಕುದುರೆಯನ್ನು ಹೊಡೆದುಬಿಟ್ಟರೆ, ಅದು ಅಲ್ಲಿಂದಲೇ ಜಿ4ರ ಒಂಟೆಗೆ ಕಾವಲಾಗುತ್ತದೆ, ಸಿ4ರ ಬಿಳಿ ಒಂಟೆಯನ್ನೂ ಬೆದರಿಸುತ್ತದೆ. ಬಿಳಿಯು ಒಂದು ಕಾಲಾಳಿಗಾಗಿ ಒಂದು ಕುದುರೆಯನ್ನು ಕಳೆದುಕೊಂಡಿತು. ಬಲೆ ಒಂದೇ, ಕೊನೆಯ ಮಾತ್ ಒಂದೇ. ಆದರೆ ಒಂದು ಕುದುರೆ ಎಲ್ಲಿ ನಿಂತಿದೆ ಎಂಬುದರ ಮೇಲೆ ಅದು ಶಾಸ್ತ್ರಶುದ್ಧವಾದ ಆಕ್ರಮಣವೋ ಕೇವಲ ಜೂಜೋ ಎಂಬುದು ನಿರ್ಧಾರವಾಗುತ್ತದೆ. ನಡೆಗಳ ಸರಣಿಯನ್ನು ಉರುಹೊಡೆದವನಿಗೆ ಈ ವ್ಯತ್ಯಾಸ ಕಾಣದು.

ಆನೆಯ ಬಲೆ

ಎಲ್ಲ ಬಲೆಗಳೂ ಜೂಜಲ್ಲ ಎಂಬುದಕ್ಕೆ ‘ಆನೆಯ ಬಲೆ’ ಎಂದು ಪ್ರಸಿದ್ಧವಾದ ಸರಣಿಯು ನಿದರ್ಶನ. 1848ರಲ್ಲಿ ಬರ್ಲಿನ್ ನಗರದಲ್ಲಿ ಮೇಯೆಟ್ ಮತ್ತು ಹಾರ್ವಿಟ್ಸ್ ನಡುವೆ ನಡೆದ ಆಟದಲ್ಲಿ ಇದು ಕಂಡುಬಂದಿತು. ಮಂತ್ರಿಯ ಮುಂದಿನ ಕಾಲಾಳಿನಿಂದ ಆರಂಭವಾಗುವ ಈ ಆಟದಲ್ಲಿ ಬಿಳಿಯ ಒಂಟೆ ಜಿ5ರಲ್ಲಿ ನಿಂತು ಎಫ್6ರ ಕಪ್ಪು ಕುದುರೆಯನ್ನು ಮಂತ್ರಿಗೆ ಕಟ್ಟಿಹಾಕಿದೆ. ಕಪ್ಪು ಆಟಗಾರನು ತನ್ನ ಇನ್ನೊಂದು ಕುದುರೆಯನ್ನು ಡಿ7ಕ್ಕೆ ತರುತ್ತಾನೆ. ಡಿ5ರಲ್ಲಿ ಕಾಲಾಳುಗಳು ಪರಸ್ಪರ ಹೊಡೆದುಕೊಂಡ ಮೇಲೆ, ಡಿ5ರಲ್ಲಿ ಉಳಿದ ಕಪ್ಪು ಕಾಲಾಳು ಬಿಟ್ಟಿಯಾಗಿ ಸಿಕ್ಕುವಂತೆ ಬಿಳಿಗೆ ತೋರುತ್ತದೆ. ಎಫ್6ರ ಕುದುರೆ ಕದಲಿದರೆ ಮಂತ್ರಿ ಹೋಗುವನಲ್ಲವೇ! ಬಿಳಿ ಕುದುರೆಯು ಕಾಲಾಳನ್ನು ಹೊಡೆಯುತ್ತದೆ. ಕಪ್ಪು ಕುದುರೆ ನಿಶ್ಚಿಂತೆಯಿಂದ ಅದನ್ನು ಹೊಡೆಯುತ್ತದೆ. ಬಿಳಿಯ ಒಂಟೆ ಮಂತ್ರಿಯನ್ನು ಹೊಡೆದೊಡನೆ ಕಪ್ಪು ಒಂಟೆ ಬಿ4ಕ್ಕೆ ಬಂದು ಶಹ ಕೊಡುತ್ತದೆ. ಬಿಳಿಗೆ ತನ್ನ ಮಂತ್ರಿಯನ್ನು ಅಡ್ಡ ತರುವುದಲ್ಲದೆ ಬೇರೆ ದಾರಿಯಿಲ್ಲ. ಮಂತ್ರಿಗಳಿಬ್ಬರೂ ಹೋಗಿ ಲೆಕ್ಕ ಮುಗಿದಾಗ, ಕಪ್ಪಿಗೆ ಒಂದು ಕಾಲಾಳಿನ ಬದಲು ಒಂದು ಕುದುರೆ ಲಾಭ.

ಈ ಬಲೆಯ ಹಿರಿಮೆ ಬೇರೆಡೆ ಇದೆ. ಕುದುರೆಯನ್ನು ಡಿ7ಕ್ಕೆ ತರುವುದು ಬಲೆಯಿರಲಿ ಇಲ್ಲದಿರಲಿ ಒಳ್ಳೆಯ ನಡೆ. ಅದು ಕಾಯಿಯನ್ನು ಹೊರತರುತ್ತದೆ, ಎಫ್6ರ ಕುದುರೆಗೆ ಆಸರೆಯಾಗುತ್ತದೆ. ಬಿಳಿಯು ಆಮಿಷಕ್ಕೆ ಬಲಿಯಾಗದೆ ಶಾಂತವಾಗಿ ಕಾಲಾಳನ್ನು ಇ3ಕ್ಕೆ ಇಟ್ಟರೆ ಆಟವು ಎಂದಿನಂತೆ ಮುಂದುವರಿಯುತ್ತದೆ. ಕಪ್ಪು ಆಟಗಾರನಿಗೆ ಕಿಂಚಿತ್ತೂ ನಷ್ಟವಿಲ್ಲ. ಹಿಂದೆ ಕಾಕನಕೋಟೆಯ ಖೆಡ್ಡಾದಲ್ಲಿ ಕಾಡಾನೆಗಳ ಹಿಂಡನ್ನು ದೊಡ್ಡಿಗೆ ಕೂಡುವಾಗ ಮೊದಲು ಗಟ್ಟಿಯಾದ ಆವರಣವನ್ನು ಕಟ್ಟುತ್ತಿದ್ದರು. ಒಳ್ಳೆಯ ಬಲೆಯೂ ಗಟ್ಟಿಯಾದ ವ್ಯೂಹದ ಒಂದು ಭಾಗವೇ ಆಗಿರುತ್ತದೆ. ಬಲೆಯನ್ನು ಪರೀಕ್ಷಿಸುವ ಒರೆಗಲ್ಲು ಇದೊಂದೇ: ಎದುರಾಳಿಯು ಅತ್ಯುತ್ತಮವಾದ ಉತ್ತರವನ್ನು ಕೊಟ್ಟರೂ ಈ ನಡೆ ಇಡಲು ಯೋಗ್ಯವೇ? ಹೌದಾದರೆ ಬಲೆ ಹಾಕಬಹುದು. ಅಲ್ಲವಾದರೆ ಅದು ಎದುರಾಳಿಯ ಅಜ್ಞಾನವನ್ನೇ ಬಂಡವಾಳವಾಗಿಟ್ಟುಕೊಂಡ ವ್ಯಾಪಾರ.

ಹಿರಿಯರೂ ಎಡವಿದ ಪ್ರಸಂಗ

ಬಲೆಗಳು ಎಳೆಯರಿಗೆ ಮಾತ್ರ ಮಾರಕವೆಂದು ತಿಳಿಯಬಾರದು. 1988ರಲ್ಲಿ ಭಾರತದ ಪ್ರಥಮ ಗ್ರ್ಯಾಂಡ್‌ಮಾಸ್ಟರ್ ಆದ ವಿಶ್ವನಾಥನ್ ಆನಂದ್ ಅವರು ಅದೇ ವರ್ಷ ಸ್ವಿಟ್ಜರ್ಲೆಂಡಿನ ಬೀಲ್ ಪಂದ್ಯಾವಳಿಯಲ್ಲಿ ಕೊಲಂಬಿಯಾದ ಅಲೋನ್ಸೊ ಝಪಾಟಾ ಅವರಿಗೆ ಕೇವಲ ಆರು ನಡೆಗಳಲ್ಲಿ ಸೋತರು. ಕಪ್ಪು ಕಾಯಿಗಳಿಂದ ಆಡುತ್ತಿದ್ದ ಆನಂದ್ ಐದನೆಯ ನಡೆಯಲ್ಲಿ ಒಂಟೆಯನ್ನು ಎಫ್5ಕ್ಕೆ ತಂದರು. ಝಪಾಟಾ ಮಂತ್ರಿಯನ್ನು ಇ2ಕ್ಕೆ ಇಟ್ಟರು. ಇ4ರಲ್ಲಿದ್ದ ಕಪ್ಪು ಕುದುರೆ ಕದಲಿದರೆ ರಾಜನಿಗೆ ಕುತ್ತು, ಕದಲದಿದ್ದರೆ ಕುದುರೆಗೆ ಕುತ್ತು. ಆನಂದ್ ಅಲ್ಲಿಯೇ ಸೋಲೊಪ್ಪಿದರು. ವಿಶೇಷವೆಂದರೆ ಹಿಂದಿನ ವರ್ಷ ಮೈಲ್ಸ್ ಮತ್ತು ಕ್ರಿಸ್ಟಿಯಾನ್ಸನ್ ಎಂಬ ಇಬ್ಬರು ಗ್ರ್ಯಾಂಡ್‌ಮಾಸ್ಟರರ ನಡುವಿನ ಆಟದಲ್ಲಿ ಇದೇ ಒಂಟೆಯ ನಡೆ ಬಂದಿತ್ತು. ಅಲ್ಲಿ ಬಿಳಿಯು ಅದನ್ನು ದಂಡಿಸದೆ ಬಿಟ್ಟು, ಆಟ ಸಮವಾಗಿ ಮುಗಿದಿತ್ತು. ಅಚ್ಚಾದ ಆಟವನ್ನು ಸ್ವಂತ ಪರೀಕ್ಷೆಗೆ ಒಡ್ಡದೆ ನಂಬಿದ್ದರ ಫಲ ಅದು. ಮುಂದೆ ಐದು ಸಲ ವಿಶ್ವ ಚಾಂಪಿಯನ್ ಆದವರನ್ನೂ ಅಂದು ಕೆಡವಿದ್ದು ಎದುರಾಳಿಯ ಕುಟಿಲತೆಯಲ್ಲ, ವಿಚಾರವಿಲ್ಲದ ನೆನಪು.

ಇದಕ್ಕೆ ಪ್ರತಿಯಾಗಿ 1918ರ ನ್ಯೂಯಾರ್ಕ್ ಪಂದ್ಯಾವಳಿಯ ಒಂದು ಆಟವಿದೆ. ಅಮೆರಿಕೆಯ ಫ್ರ್ಯಾಂಕ್ ಮಾರ್ಷಲ್ ಮೊದಲೇ ಸಿದ್ಧಪಡಿಸಿಕೊಂಡ ಉಗ್ರ ದಾಳಿಯೊಂದನ್ನು ಕ್ಯೂಬಾದ ಕಾಪಾಬ್ಲಾಂಕಾ ಮೇಲೆ ಹಠಾತ್ತನೆ ಹೂಡಿದರು. ಎದುರಿಗಿರುವುದು ಪೂರ್ವಸಿದ್ಧತೆಯೆಂದು ಕಾಪಾಬ್ಲಾಂಕಾಗೆ ತಿಳಿಯದೆ ಇರಲಿಲ್ಲ. ಆದರೂ ಅವರು ಆ ಕಾಲಾಳನ್ನು ಸ್ವೀಕರಿಸಿ, ಒಂದೊಂದು ಬೆದರಿಕೆಯನ್ನೂ ಹಾಸಿನ ಎದುರು ಕುಳಿತೇ ಲೆಕ್ಕಹಾಕಿ, ಕೊನೆಗೆ ಆಟವನ್ನು ಗೆದ್ದರು. ಮಾರ್ಷಲ್ ಸೋತರೂ ಅವರ ದಾಳಿ ಸೋಲಲಿಲ್ಲ. ಅದರ ತಳಹದಿ ಗಟ್ಟಿಯಾಗಿದ್ದುದರಿಂದ ಇಂದಿಗೂ ಶ್ರೇಷ್ಠ ಆಟಗಾರರು ಅದನ್ನು ಗೌರವದಿಂದ ಕಾಣುತ್ತಾರೆ. ಅಲ್ಪಾಯುಷಿ ತಂತ್ರಕ್ಕೂ ಬಾಳುವ ವಿಚಾರಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಸ್ಪರ್ಧೆಯಲ್ಲಿ ಬಲೆಯ ಬೆಲೆ

ಹಾಗಾದರೆ ಶಾಲಾ ಸ್ಪರ್ಧೆಗಳಲ್ಲಿ ಬಲೆಗಳು ಗೆಲುವು ತರುವುದಿಲ್ಲವೇ? ತರುತ್ತವೆ. ಎದುರಾಳಿ ಹೊಸಬನಾಗಿದ್ದರೆ, ಗಡಿಯಾರದ ಅವಧಿ ತೀರ ಕಡಿಮೆಯಿದ್ದರೆ, ಆ ಬಲೆಯನ್ನು ಆತನು ಹಿಂದೆ ಕಂಡಿರದಿದ್ದರೆ ಅವು ಫಲಿಸುವುದುಂಟು. ಆದರೆ ಹೆಚ್ಚಿನ ಪಂದ್ಯಾವಳಿಗಳು ಸ್ವಿಸ್ ಪದ್ಧತಿಯಲ್ಲಿ ನಡೆಯುತ್ತವೆ. ಆ ಪದ್ಧತಿಯಲ್ಲಿ ಸಮಾನ ಅಂಕ ಪಡೆದವರನ್ನೇ ಮುಂದಿನ ಸುತ್ತಿನಲ್ಲಿ ಎದುರುಬದುರು ಕೂರಿಸಲಾಗುತ್ತದೆ. ಗೆದ್ದವನಿಗೆ ಗೆದ್ದವನೇ ಎದುರಾಳಿ. ಮೊದಲ ಎರಡು ಸುತ್ತುಗಳಲ್ಲಿ ಬಲೆಯಿಂದ ಗೆದ್ದ ಬಾಲಕನು, ತನ್ನ ಗೆಲುವಿನ ಕಾರಣದಿಂದಲೇ, ಮೂರನೆಯ ಸುತ್ತಿನಲ್ಲಿ ಬಲೆಗೆ ಬೀಳದವನ ಎದುರು ಬಂದು ಕೂರುತ್ತಾನೆ. ಬಲೆಯ ಅಗತ್ಯ ಹೆಚ್ಚಿದಷ್ಟೂ ಅದರ ಶಕ್ತಿ ಕುಂದುತ್ತದೆ. ಜೊತೆಗೆ ಒಂದು ಬಲೆಯು ಒಬ್ಬ ಎದುರಾಳಿಯ ಮೇಲೆ ಒಮ್ಮೆ ಮಾತ್ರ ನಡೆಯುತ್ತದೆ. ಒಬ್ಬನು ಚಾಪೆಯ ಕೆಳಗೆ ತೂರಿದರೆ ಇನ್ನೊಬ್ಬನು ರಂಗೋಲಿಯ ಕೆಳಗೆ ತೂರುವ ಈ ಪೈಪೋಟಿಯಲ್ಲಿ ಕಾಲ ಕಳೆದ ಮಗು, ನಡುವಿನ ಆಟವನ್ನೂ ಕೊನೆಯ ಆಟವನ್ನೂ ಕಲಿಯದೆ ಉಳಿಯುತ್ತದೆ.

ಬಲೆ ಹಾಕುವುದು ಅನೀತಿಯೇ ಎಂಬ ಪ್ರಶ್ನೆಯನ್ನೂ ಕೆಲವರು ಎತ್ತುವುದುಂಟು. ಚದುರಂಗದಲ್ಲಿ ಬಚ್ಚಿಟ್ಟ ಎಲೆಯಿಲ್ಲ, ಕಣ್ಣಿಗೆ ಕಾಣದ ಕಾಯಿಯಿಲ್ಲ. ಎಲ್ಲವೂ ಇಬ್ಬರ ಕಣ್ಣೆದುರು ಬಯಲಲ್ಲಿರುತ್ತದೆ. ಆದ್ದರಿಂದ ಅದು ವಂಚನೆಯಲ್ಲ. ದೋಷವಿರುವುದು, ಕೆಟ್ಟ ನಡೆಯೆಂದು ತಿಳಿದೂ ‘ಎದುರಿನವನಿಗೆ ಕಾಣಲಿಕ್ಕಿಲ್ಲ’ ಎಂಬ ಆಸೆಯಿಂದ ಅದನ್ನು ಇಡುವ ಮನೋಧರ್ಮದಲ್ಲಿ. ಆ ಅಭ್ಯಾಸವು ಹಾಸಿನ ಮೇಲಷ್ಟೇ ನಿಲ್ಲುವುದಿಲ್ಲ. ಪರೀಕ್ಷೆಗೆ ‘ಬರಬಹುದಾದ’ ಪ್ರಶ್ನೆಗಳನ್ನಷ್ಟೇ ಉರುಹೊಡೆಯುವ ವಿದ್ಯಾರ್ಥಿಯಲ್ಲಿಯೂ ಅದೇ ಮನೋಧರ್ಮವಿದೆ.

ಅಧ್ಯಾಪಕರಿಗೆ ಕೆಲವು ಸೂಚನೆಗಳು

ಬಲೆಗಳನ್ನು ಕಲಿಸಲೇಬಾರದೆಂದು ಇದರ ಅರ್ಥವಲ್ಲ. ಅವುಗಳನ್ನು ಕಲಿಸುವ ರೀತಿ ಬದಲಾಗಬೇಕು. ಮೊದಲನೆಯದಾಗಿ, ಬಲೆಯನ್ನು ಬಿದ್ದವನ ಕಡೆಯಿಂದ ಕಲಿಸಬೇಕು: ಎಲ್ಲಿ ಎಡವಿದ, ಯಾವ ನಡೆ ಇಟ್ಟಿದ್ದರೆ ಉಳಿಯುತ್ತಿದ್ದ ಎಂಬುದನ್ನು ಮಗುವೇ ಹುಡುಕಬೇಕು. ಎರಡನೆಯದಾಗಿ, ಎದುರಾಳಿಯ ಪ್ರತಿ ನಡೆಗೂ ‘ಇದನ್ನು ಏಕೆ ಇಟ್ಟ?’ ಎಂದು ಕೇಳಿಕೊಳ್ಳುವ ರೂಢಿಯಾಗಬೇಕು. ಬಿಟ್ಟಿಯಾಗಿ ಕಾಣುವ ಕಾಯಿಯ ಎದುರು ಕೈ ಒಂದು ಕ್ಷಣ ತಡೆಯಬೇಕು. ಮೂರನೆಯದಾಗಿ, ಹಾಸಿನ ನಡುವಿನ ಮನೆಗಳ ಹಿಡಿತ, ಕುದುರೆ ಒಂಟೆಗಳನ್ನು ಬೇಗ ಹೊರತರುವುದು, ರಾಜನಿಗೆ ಕೋಟೆ ಕಟ್ಟುವುದು ಎಂಬ ಮೂರು ಮೂಲ ತತ್ತ್ವಗಳು ಕೈವಶವಾದ ಬಳಿಕವೇ ಬಲೆಗಳ ಪ್ರಸ್ತಾಪ ಬರಬೇಕು. ಮೇಲೆ ಕಂಡ ದುರ್ಬಲ ಬಲೆಗಳೆರಡೂ ಈ ತತ್ತ್ವಗಳನ್ನು ಮುರಿದವೇ ಆಗಿವೆ.

ಪುಸ್ತಕಗಳಿಲ್ಲದ ಹಳ್ಳಿಯ ಮಗು ಹಿಂದೆ ಬೀಳುವುದೆಂಬ ಅಳುಕು ಬೇಡ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಭಾರತೀಯ ಪದ್ಧತಿಯ ಚದುರಂಗವನ್ನು ಆಡಿ ಬೆಳೆದವರು. 1929ರಲ್ಲಿ ಇಂಗ್ಲೆಂಡಿಗೆ ಹೋದಾಗ ಅವರಿಗೆ ಪಾಶ್ಚಾತ್ಯ ಪದ್ಧತಿಯ ಆರಂಭದ ನಡೆಗಳ ಶಾಸ್ತ್ರಜ್ಞಾನ ಅತ್ಯಲ್ಪವಾಗಿತ್ತು. ಆದರೂ ಅದೇ ವರ್ಷ, ಮತ್ತೆ 1932 ಹಾಗೂ 1933ರಲ್ಲಿ ಅವರು ಬ್ರಿಟಿಷ್ ಚಾಂಪಿಯನ್ ಆದರು. ಕಾಪಾಬ್ಲಾಂಕಾರನ್ನೂ ಒಮ್ಮೆ ಮಣಿಸಿದರು. ವಿಶ್ವ ಚದುರಂಗ ಸಂಸ್ಥೆಯು 2024ರಲ್ಲಿ ಅವರಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನಿತ್ತಿತು. ಆರಂಭದಲ್ಲಿ ತುಸು ಹಿಂದುಳಿದರೂ, ತಾಳ್ಮೆ ಮತ್ತು ಆಳವಾದ ಲೆಕ್ಕಾಚಾರದಿಂದ ನಡುವಿನ ಆಟದಲ್ಲಿ ಗೆಲ್ಲುವುದು ಅವರ ಮಾರ್ಗವಾಗಿತ್ತು. ನಮ್ಮ ರಾಜ್ಯದಲ್ಲಿಯೂ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರು 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದಾಗ ಅವರ ವಯಸ್ಸು ಮೂವತ್ತು ದಾಟಿತ್ತು. ದೀರ್ಘಕಾಲದ ಸಾಧನೆಗೆ ಸಂದ ಮನ್ನಣೆ ಅದು. ಒಂದು ಬಲೆಯಿಂದ ದೊರೆತ ಗೆಲುವಲ್ಲ.

ಶರಣರು ದುಡಿಮೆಯನ್ನೇ ಕಾಯಕವೆಂದು ಕರೆದು ಪೂಜೆಯ ಎತ್ತರಕ್ಕೆ ಏರಿಸಿದ ನಾಡು ಇದು. ಹಾಸಿನ ಮೇಲೆಯೂ ಆ ಮಾತು ಸಲ್ಲುತ್ತದೆ. ಅಲ್ಲಿ ಇಡುವ ಪ್ರತಿಯೊಂದು ನಡೆಗೂ ಒಂದು ಕೆಲಸವಿರಬೇಕು. ಎದುರಾಳಿಯು ಎಡವಿದರೂ ಎಡವದಿದ್ದರೂ ಆ ಕೆಲಸ ನಿಲ್ಲಬೇಕು. ಹಾಗೆ ದುಡಿದ ನಡೆಗಳ ನಡುವೆ ತಾನಾಗಿ ಮೂಡುವ ಬಲೆಯು ಫಲಿಸುತ್ತದೆ. ದುಡಿಮೆಯನ್ನು ತಪ್ಪಿಸಿಕೊಳ್ಳಲು ಹೆಣೆದ ಬಲೆಯು ಒಂದೆರಡು ಸಲ ಮೀನನ್ನು ಹಿಡಿದೀತು. ಬಳಿಕ ಅದರಲ್ಲಿ ಸಿಕ್ಕಿಕೊಳ್ಳುವವನು ಹೆಣೆದವನೇ.